ಅರವತ್ತು ದಾಟಿದವರ ಗುಡ್ಡ-ಕೆರೆ ನಡಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ನಿವೃತ್ತರ ಬಳಗಗಳಿಂದ, ಮಹಿಳಾ ಮಂಡಳಗಳಿಂದ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ನಾಲ್ಕು ದಿನ ಎಲ್ಲರೂ ಕೂಡಿ ನಡೆಯುತ್ತ ಗುಡ್ಡ, ಕೆರೆ ನೋಡಿ ಬರಬೇಕು, ಹೇಗೆ ಹೊಂದಿಸುವುದು ಎಂದು. ಆಯ್ದ ಪತ್ರಗಳಿಗೆ ಉತ್ತರ ಇಲ್ಲಿದೆ.

ನಮ್ಮದು 14 ಮಂದಿಯ ಬಳಗ, ವಯಸ್ಸು 60ರಿಂದ 74. ದಿನಾಲೂ ಬೆಳಿಗ್ಗೆ ಕೆಲಗೇರಿ ಕೆರೆಯ ಕಡೆ 5 ಕಿ.ಮೀ. ನಡೆಯುತ್ತೇವೆ. ಡಿಸೆಂಬರಿನಲ್ಲಿ ಕಪ್ಪತಗುಡ್ಡಕ್ಕೆ ಹೋಗುವ ವಿಚಾರವಿದೆ. ಒಂದು ದಿನಕ್ಕೆ 12 ಕಿ.ಮೀ. ಇಟ್ಟುಕೊಳ್ಳಬಹುದೇ?
— ಸಪ್ತಾಪುರ, ಧಾರವಾಡ

ಗುಡ್ಡದ ನಡಿಗೆಯನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಇವತ್ತಿಗೂ ಬಳಸುತ್ತಾರೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದ ತರುಣರಿಗೆ ಸರಿ. ಅರವತ್ತು ದಾಟಿದವರ ಗುಂಪಿಗೆ 3 ಕಿ.ಮೀ.ಗೆ ಒಂದು ಗಂಟೆ, ಪ್ರತಿ 100 ಮೀಟರ್ ಏರಿಗೆ 20 ನಿಮಿಷ, ಮೇಲೆ ತಾಸಿಗೆ 10 ನಿಮಿಷ ವಿಶ್ರಾಂತಿ ಎಂದು ಹಿಡಿದರೆ ವಾಸ್ತವಕ್ಕೆ ಹತ್ತಿರ.

ಈ ಲೆಕ್ಕದಲ್ಲಿ 12 ಕಿ.ಮೀ. ದೂರ, 250 ಮೀಟರ್ ಏರು ಇರುವ ದಾರಿಗೆ ಐದೂವರೆ ತಾಸಿಗಿಂತ ಹೆಚ್ಚು ಬೇಕು. ಡಿಸೆಂಬರಿನಲ್ಲಿ ಬೆಳಕು ಹರಿದು ಹೊರಡುವ ಹೊತ್ತಿಗೆ ಆರೂಮುಕ್ಕಾಲು. ಅಂದರೆ ಕೊನೆಯ ಇಳಿಜಾರಿಗೆ ಬರುವಾಗ ಹನ್ನೆರಡರ ಬಿಸಿಲು, ತೊಡೆಯಲ್ಲಿ ತ್ರಾಣವಿಲ್ಲ. ಹಿರಿಯರು ಜಾರಿ ಬೀಳುವುದು ಇಂಥ ಹೊತ್ತಿನಲ್ಲೇ. ಅದೇ ಏರಿರುವ ದಾರಿಯನ್ನು 8 ಕಿ.ಮೀ.ಗೆ ಇಳಿಸಿದರೆ ಸುಮಾರು ನಾಲ್ಕು ತಾಸು, ಹನ್ನೊಂದರೊಳಗೆ ಗಾಡಿಯ ಹತ್ತಿರ ಬಂದಿರುತ್ತೀರಿ. ಮೊದಲ ಸಲಕ್ಕೆ 8 ಸಾಕು.

ಇನ್ನೊಂದು ಮಾತು. ಕೆರೆ ದಂಡೆಯ ನಡಿಗೆ ಎದೆಗೂ ಉಸಿರಿಗೂ ಒಳ್ಳೆಯದು, ಆದರೆ ಇಳಿತಕ್ಕೆ ಅದು ತಯಾರಿ ಅಲ್ಲ. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ದುಡಿಯುತ್ತದೆ. ಇಳಿಯುವಾಗ ಮೈಭಾರ ತಡೆದು ಹಿಡಿಯುತ್ತ ಹಿಗ್ಗುತ್ತದೆ. ಸಪಾಟು ರಸ್ತೆಯಲ್ಲಿ ಈ ಎರಡನೆಯ ಕೆಲಸ ಹೆಚ್ಚುಕಡಿಮೆ ಬರುವುದೇ ಇಲ್ಲ. ಆದ್ದರಿಂದ ಹೊರಡುವ ಎಂಟು ವಾರ ಮೊದಲೇ ವಾರಕ್ಕೆ ಎರಡು ದಿನ ದಾರಿ ಬದಲಿಸಿ. ಕರ್ನಾಟಕ ವಿಶ್ವವಿದ್ಯಾಲಯದ ಏರು ನಿಮಗೆ ಹತ್ತಿರ. ಹುಬ್ಬಳ್ಳಿಯವರಾದರೆ ಉಣಕಲ್ ಕೆರೆ ಬಿಟ್ಟು ನೃಪತುಂಗ ಬೆಟ್ಟ. ಮೊದಲೆರಡು ವಾರ ಒಮ್ಮೆ ಹತ್ತಿ ಇಳಿಯಿರಿ, ಆಮೇಲೆ ಎರಡು ಸಲ, ಆರನೇ ವಾರಕ್ಕೆ ಮೂರು ಸಲ. ಮನೆಯಲ್ಲಿ 15 ಸೆಂ.ಮೀ. ಎತ್ತರದ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತು, ಒಂದು ಕಾಲನ್ನು ಮೂರು ಎಣಿಸುವಷ್ಟು ನಿಧಾನಕ್ಕೆ ಕೆಳಗಿಳಿಸಿ ಹಿಮ್ಮಡಿ ತಾಗಿಸಿ, ಮತ್ತೆ ಮೇಲೆತ್ತಿ. ಒಂದೊಂದು ಕಾಲಿಗೆ ಹತ್ತು ಸಲ, ದಿನ ಬಿಟ್ಟು ದಿನ. ಧಪ್ಪನೆ ಇಳಿಸಿದರೆ ಪ್ರಯೋಜನವಿಲ್ಲ, ಆ ಮೂರರ ಎಣಿಕೆಯಲ್ಲೇ ಎಲ್ಲ ಇದೆ. ಕೊನೆಯ ಎರಡು ವಾರಗಳಲ್ಲಿ ಒಮ್ಮೆಯಾದರೂ ಶನಿವಾರ, ರವಿವಾರ ಎರಡೂ ದಿನ ಗುಡ್ಡ ಹತ್ತಿ. ಪ್ರವಾಸದಲ್ಲಿ ಕಾಲು ಕೈಕೊಡುವುದು ಎರಡನೇ ದಿನ.

ನಡೆಯುವಾಗ ಎದೆ ಬಿಗಿಯುವವರು, ತಲೆ ತಿರುಗುವವರು, ಎರಡು ಅಂತಸ್ತಿನ ಮೆಟ್ಟಿಲು ಹತ್ತಲು ನಡುವೆ ನಿಲ್ಲಬೇಕಾದವರು ತಯಾರಿ ಶುರು ಮಾಡುವ ಮುಂಚೆಯೇ ವೈದ್ಯರಿಗೆ ತೋರಿಸಬೇಕು. ಹೊರಡುವ ಹಿಂದಿನ ವಾರ ತೋರಿಸಿದರೆ ಇಸಿಜಿಯಲ್ಲಿ ಏನಾದರೂ ಕಂಡರೂ ಮುಂದಿನ ಪರೀಕ್ಷೆಗೆ ವೇಳೆ ಇರುವುದಿಲ್ಲ.

ಗದುಗಿನಲ್ಲಿ ಇಳಿದುಕೊಂಡು ನಾಲ್ಕು ದಿನ ಸುತ್ತಾಡಬೇಕು. ಯಾವ ದಿನ ಎಲ್ಲಿ? ಯಾವ ತಿಂಗಳು ಒಳ್ಳೆಯದು?
— ವಿದ್ಯಾನಗರ, ಹುಬ್ಬಳ್ಳಿ

ನವೆಂಬರ್ ನಡುವಿನಿಂದ ಫೆಬ್ರುವರಿ ಮೊದಲ ವಾರದವರೆಗೆ. ಕಪ್ಪತಗುಡ್ಡ ಹಸಿರಾಗಿ ಕಾಣುವುದು ಮಳೆಗಾಲದಲ್ಲಿ, ಅದು ನಿಜ. ಆದರೆ ಆಗ ನೆತ್ತಿಯ ಮೇಲೆ ಗಾಳಿ ಜೋರು. ಕೆಳಗಿನ ಹೊಲದ ದಾರಿಗಳಲ್ಲಿ ಎರೆ ಮಣ್ಣು ಹಸಿಯಾದರೆ ಹತ್ತು ಹೆಜ್ಜೆಗೆ ಬೂಟಿನ ಅಡಿ ಎರಡು ಬೆರಳು ದಪ್ಪ ಮೆತ್ತಿಕೊಳ್ಳುತ್ತದೆ. ಅಟ್ಟೆಯ ಗೀರುಗಳೆಲ್ಲ ಮುಚ್ಚಿ ಅಡಿ ನುಣ್ಣಗಾಗುತ್ತದೆ, ಕಾಲು ಭಾರವಾಗಿ ಪಾದ ಹೊರಳುತ್ತದೆ. ಮಾರ್ಚ್ ನಂತರ ಒಣಹುಲ್ಲು, ಕಾಡ್ಗಿಚ್ಚಿನ ಭಯ, ಉರಿಬಿಸಿಲು.

ದಿನಗಳ ಜೋಡಣೆಯಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಹುರುಪಿನಲ್ಲಿ ಮೊದಲ ದಿನವೇ ಗುಡ್ಡ ಹತ್ತುವುದು. ರೂಢಿಯಿಲ್ಲದ ಇಳಿತದಿಂದ ಆಗುವ ತೊಡೆನೋವು ಅಂದೇ ಕಾಣಿಸುವುದಿಲ್ಲ, ಒಂದೆರಡು ದಿನ ಬಿಟ್ಟು ತಾರಕಕ್ಕೇರುತ್ತದೆ. ಉಳಿದ ದಿನಗಳಲ್ಲಿ ಅರ್ಧ ಮಂದಿ ಗಾಡಿಯಿಂದ ಇಳಿಯುವುದೇ ಇಲ್ಲ. ಗುಡ್ಡವನ್ನು ಮೂರನೇ ದಿನಕ್ಕಿಡಿ.

ಮೊದಲ ದಿನ ಮಧ್ಯಾಹ್ನ ಗದಗ ತಲುಪಿ, ಸಂಜೆ ವೀರನಾರಾಯಣ ಗುಡಿ, ತ್ರಿಕೂಟೇಶ್ವರ, ಆಮೇಲೆ ಭೀಷ್ಮ ಕೆರೆಯ ದಂಡೆ. ಒಟ್ಟು 3-4 ಕಿ.ಮೀ., ಸಪಾಟು. ಗುಂಪಿನಲ್ಲಿ ಯಾರ ನಡಿಗೆ ಹೇಗಿದೆ ಎಂದು ನೋಡಿಕೊಳ್ಳಲು ಇದೇ ಹೊತ್ತು.

ಎರಡನೇ ದಿನ ಲಕ್ಕುಂಡಿ, ಗದಗಿನಿಂದ ಸುಮಾರು 12 ಕಿ.ಮೀ. ಅಲ್ಲಿಗೆ ಗಾಡಿಯಲ್ಲಿ ಹೋಗಿ, ಊರೊಳಗೆ ಕಾಲ್ನಡಿಗೆಯಲ್ಲೇ ತಿರುಗಿ. ಬ್ರಹ್ಮ ಜಿನಾಲಯ, ಕಾಶಿವಿಶ್ವನಾಥ, ಮಾಣಿಕೇಶ್ವರ ಗುಡಿ, ಅದರ ಮುಂದಿನ ಮುಸುಕಿನ ಬಾವಿ. ಬಾವಿಯ ಮೆಟ್ಟಿಲುಗಳು ಕಡಿದು, ಮನೆಯ ಮೆಟ್ಟಿಲ ಹಾಗಲ್ಲ. ಮಂಡಿನೋವಿನವರು ಮೇಲಿಂದಲೇ ನೋಡಲಿ. ನೀರಿನ ಹತ್ತಿರದ ಮೆಟ್ಟಿಲು ಪಾಚಿಗಟ್ಟಿದ್ದರೆ ಯಾರೂ ಇಳಿಯಬಾರದು. ಗೋಪುರದಲ್ಲೋ ಮರದಲ್ಲೋ ಹೆಜ್ಜೇನು ಕಟ್ಟಿದ್ದು ಕಂಡರೆ ದೂರದಿಂದ ಸಾಗಿಬಿಡಿ. ಅವತ್ತು ಸೆಂಟು ಬೇಡ, ಅಲ್ಲಿ ಊದುಬತ್ತಿ, ಬೀಡಿಯ ಹೊಗೆಯೂ ಬೇಡ.

ಮೂರನೇ ದಿನ ಕಪ್ಪತಗುಡ್ಡ. 2019ರಿಂದ ಇದು ವನ್ಯಜೀವಿ ಧಾಮ. ಚಿರತೆ, ಕತ್ತೆಕಿರುಬ, ತೋಳಗಳ ನೆಲೆ. ಎಲ್ಲೆಂದರಲ್ಲಿ ಹತ್ತುವಂತಿಲ್ಲ. ಗದಗಿನ ಅರಣ್ಯ ಇಲಾಖೆಯ ಕಚೇರಿಗೆ ಮುಂಚಿತವಾಗಿ ಹೆಸರು, ವಯಸ್ಸು, ದಿನಾಂಕ, ದಾರಿ ಬರೆದುಕೊಟ್ಟು ಅನುಮತಿ ಪಡೆಯಿರಿ, ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕೇಳಿ. ಈ ಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. ಕೀಳುವುದು, ಚೀಲಕ್ಕೆ ತುಂಬುವುದು ಬೇಡ. ಡಿಸೆಂಬರಿನಲ್ಲಿ ಮೊಣಕಾಲೆತ್ತರದ ಹುಲ್ಲು ಒಣಗಿ, ಅದರ ಸೂಜಿಯಂಥ ಬೀಜ ಕಾಲುಚೀಲದೊಳಗೆ ತಿರುಚಿಕೊಂಡು ಇಳಿಯುತ್ತದೆ. ದಪ್ಪ ಬಟ್ಟೆಯ ಪೂರ್ತಿ ಪ್ಯಾಂಟು ಇರಲಿ, ಅದರ ತುದಿ ಕಾಲುಚೀಲದ ಹೊರಗಿರಲಿ. ಒಳಗೆ ಸಿಕ್ಕಿಸಿದರೆ ಬೀಜಗಳೆಲ್ಲ ಕಾಲುಚೀಲಕ್ಕೇ ಕೂಡುತ್ತವೆ. ಇಳಿದು ಬಂದು ಊಟ ಮಾಡಿ, ಶಕ್ತಿ ಉಳಿದವರು ಸಂಜೆ ಡಂಬಳದ ದೊಡ್ಡಬಸಪ್ಪ ಗುಡಿ ನೋಡಬಹುದು. 24 ಮೂಲೆಗಳ ನಕ್ಷತ್ರದ ತಳವಿನ್ಯಾಸ ಅದರದು. ಹೊರಗೋಡೆಯನ್ನು ನಿಧಾನಕ್ಕೆ ಒಂದು ಸುತ್ತು ಬನ್ನಿ, ಪ್ರತಿ ಮಡಿಕೆಯಲ್ಲೂ ನೆರಳು ಬೇರೆ ಬೀಳುತ್ತದೆ.

ನಾಲ್ಕನೇ ದಿನ ನಸುಕಿನಲ್ಲೇ ಮಾಗಡಿ ಕೆರೆ. ಶಿರಹಟ್ಟಿ ತಾಲೂಕಿನ ಈ ಕೆರೆಗೆ 2024ರಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಯ, ಮಾನ್ಯತೆ ಸಿಕ್ಕಿತು. ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಚಳಿಗಾಲ ಕಳೆಯಲು ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಅದೇ ಗುರುತು. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಹೊತ್ತೇರಿದ ಮೇಲೆ ನೀರಿನಲ್ಲಿ ಸುಮ್ಮನೆ ಕೂರುತ್ತವೆ. ಬಣ್ಣದ ಸೀರೆ, ಗದ್ದಲ, ದಂಡೆಯಂಚಿಗೆ ಓಡುವುದು ಬೇಡ. ಒಂದು ಹೆದರಿ ಎದ್ದರೆ ಹಿಂಡೇ ಏಳುತ್ತದೆ, ಮೇದು ಕೂಡಿಟ್ಟ ಶಕ್ತಿ ಹಾರಾಟಕ್ಕೆ ಹೋಗುತ್ತದೆ. ತೊಡೆನೋವಿನವರಿಗೂ ಈ ದಿನ ಆರಾಮ. ಅಲ್ಲಿಂದ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ನೋಡಿ ಹುಬ್ಬಳ್ಳಿ ಸೇರಬಹುದು.

ಏರುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಮಂಡಿ ನೋಯುತ್ತದೆ. ಕೋಲು ಬೇಕೇ? ಹತ್ತು ವರ್ಷದ ಹಿಂದೆ ಕೊಂಡ ಟ್ರೆಕಿಂಗ್ ಬೂಟು ಹೊಸದರಂತೆಯೇ ಇದೆ, ಅದನ್ನೇ ಹಾಕಲೇ?
— ಗೋಕುಲ ರಸ್ತೆ, ಹುಬ್ಬಳ್ಳಿ

ಬೂಟಿನ ಮಾತು ಮೊದಲು, ಏಕೆಂದರೆ ಅಪಾಯ ಅದರಲ್ಲೇ ಇದೆ. ಅನೇಕ ಬೂಟುಗಳ ನಡುವಿನ ಮೆತ್ತನೆಯ ಪದರ ಪಾಲಿಯುರೇಥೇನಿನದು. ಹಾಕಿದರೂ ಹಾಕದಿದ್ದರೂ ಗಾಳಿಯ ತೇವ ಅದನ್ನು ಒಳಗೊಳಗೇ ಒಡೆಯುತ್ತದೆ. ಕಪಾಟಿನಲ್ಲಿ ಹೊಸದರಂತೆ ಕಾಣುತ್ತದೆ, ಗುಡ್ಡದ ನಡುವೆ ಅಟ್ಟೆ ಇಡಿಯಾಗಿ ಕಳಚುತ್ತದೆ. ಹೆಬ್ಬೆರಳಿನಿಂದ ಆ ಪದರವನ್ನು ಒತ್ತಿ, ಬೂಟನ್ನು ಬಗ್ಗಿಸಿ ನೋಡಿ. ಸಣ್ಣ ಬಿರುಕು, ಪುಡಿ ಉದುರುವುದು, ಅಂಟು ಬಿಟ್ಟ ಅಂಚು, ಇವುಗಳಲ್ಲಿ ಒಂದು ಕಂಡರೂ ಬೇಡ. ಏನೂ ಕಾಣದಿದ್ದರೂ ಹತ್ತು ವರ್ಷದ ಬೂಟನ್ನು ನಾವು ಒಪ್ಪುವುದಿಲ್ಲ. ಗುಂಪಿನಲ್ಲಿ ಯಾರದಾದರೂ ಅಟ್ಟೆ ಕಿತ್ತರೆ ಕಟ್ಟಲು ಎರಡು ಮೀಟರ್ ನೈಲಾನ್ ಹಗ್ಗ ಚೀಲದಲ್ಲಿರಲಿ.

ಹೊಸ ಬೂಟನ್ನು ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ಊದಿರುತ್ತದೆ. ನಡಿಗೆಗೆ ಹಾಕುವ ಕಾಲುಚೀಲ ಹಾಕಿಕೊಂಡೇ ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಇಳಿಯುವಾಗ ಬೆರಳು ಬಡಿದು ಉಗುರು ಕಪ್ಪಾಗುತ್ತದೆ. ಉಗುರನ್ನು ನಾಲ್ಕು ದಿನ ಮೊದಲೇ ನೇರಕ್ಕೆ ಕತ್ತರಿಸಿ. ಇಳಿತ ಶುರುವಾಗುವ ಮುಂಚೆ ಕೂತು ದಾರವನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿ. ಪೂರ್ತಿ ಹತ್ತಿಯ ಕಾಲುಚೀಲ ಬೆವರು ಹಿಡಿದಿಟ್ಟು ಬೊಬ್ಬೆ ಎಬ್ಬಿಸುತ್ತದೆ. ಉಣ್ಣೆ ಇಲ್ಲವೇ ಕೃತಕ ನೂಲು ಬೆರೆತದ್ದು ಮೇಲು. ಎಲ್ಲಾದರೂ ಉರಿ ಅನಿಸಿದ ಕೂಡಲೇ ನಿಂತು ಅಲ್ಲಿ ಟೇಪು ಹಚ್ಚಿ. ಮುಂದಿನ ವಿಶ್ರಾಂತಿಗೆ ನೋಡೋಣ ಎಂದವರಿಗೆ ಅಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ.

ಕೋಲು ಬೇಕು, ಒಂದಲ್ಲ, ಎರಡು. ಒಂದೇ ಕೋಲು ಹಿಡಿದರೆ ಮೈ ಒಂದೇ ಕಡೆ ವಾಲುತ್ತದೆ. ಸಪಾಟಿನಲ್ಲಿ ಹಿಡಿ ಹಿಡಿದಾಗ ಮೊಣಕೈ ಲಂಬಕೋನದಲ್ಲಿರಬೇಕು, 160 ಸೆಂ.ಮೀ. ಎತ್ತರದವರಿಗೆ ಸುಮಾರು 110 ಸೆಂ.ಮೀ. ಇಳಿಯುವಾಗ 5ರಿಂದ 10 ಸೆಂ.ಮೀ. ಉದ್ದ ಮಾಡಿ. ಕೋಲು ಮೊದಲು ಕೆಳಗೆ ಊರಬೇಕು, ಆಮೇಲೆ ಕಾಲು. ತಿರುಪಿ ಬಿಗಿಯುವ ಕೋಲುಗಳು ಧೂಳು ಹೊಕ್ಕರೆ ಭಾರ ಬಿದ್ದಾಗ ಸರ್ರನೆ ಒಳಸೇರುತ್ತವೆ. ಮಡಚುವ ಕೊಂಡಿಯವು ಹೆಚ್ಚು ನಂಬಿಕೆಗೆ ಅರ್ಹ. ಯಾವುದೇ ಇರಲಿ, ಇಳಿಯುವ ಮುಂಚೆ ಮೈಭಾರ ಹಾಕಿ ಒಮ್ಮೆ ಒತ್ತಿ ನೋಡಿ. ಬಂಡೆ ಮೇಲೆ ರಬ್ಬರ್ ಟೊಪ್ಪಿಗೆ ಇರಲಿ, ಮಣ್ಣಿನಲ್ಲಿ ತೆಗೆಯಿರಿ. ಹೆಜ್ಜೆ ಸಣ್ಣದು, ಮೊಣಕಾಲು ಸ್ವಲ್ಪ ಬಾಗಿರಲಿ. ಸಡಿಲ ಹರಳುಗಲ್ಲಿನ ಮೇಲೆ ಹೆದರಿ ಹಿಂದಕ್ಕೆ ವಾಲುವವರೇ ಜಾರುವುದು, ಭಾರ ಹಿಮ್ಮಡಿಗೆ ಹೋಗುತ್ತದೆ.

ಹೋದ ಸಲ ಮುಂದಿನವರು ಮುಂದೆ, ಹಿಂದಿನವರು ಹಿಂದೆ ಆಗಿ, ಮನಸ್ತಾಪ ಆಯಿತು. ಹಿಂದೆ ಉಳಿದ ಇಬ್ಬರು ಈ ಸಲ ಬರುವುದಿಲ್ಲ ಎನ್ನುತ್ತಿದ್ದಾರೆ. ಏನು ಮಾಡಬೇಕು?
— ಹಾವೇರಿ

ಅವರ ಮುನಿಸಿಗೆ ಕಾರಣವಿದೆ. ಮುಂದಿನವರು ಹೋಗಿ ಮರದ ನೆರಳಿಗೆ ಕೂರುತ್ತಾರೆ, ನೀರು ಕುಡಿಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದೊಡನೆ, "ಬಂದರಲ್ಲ, ಹೊರಡೋಣ" ಎಂದು ಏಳುತ್ತಾರೆ. ಹೆಚ್ಚು ದಣಿದವರಿಗೇ ವಿಶ್ರಾಂತಿ ಸಿಗುವುದಿಲ್ಲ. ನಿಯಮ ಹೀಗಿರಲಿ: ಕೊನೆಯವರು ಬಂದು ಕೂತ ಮೇಲೆ ಹತ್ತು ನಿಮಿಷದ ಎಣಿಕೆ ಶುರು.

ಎಲ್ಲರಿಗಿಂತ ನಿಧಾನದವರನ್ನು ಮುಂದಾಳುವಿನ ಬೆನ್ನಿಗೇ, ಎರಡನೆಯವರಾಗಿ ನಡೆಸಿ. ಗುಂಪಿನ ವೇಗ ತಾನಾಗಿ ಹೊಂದುತ್ತದೆ, ಅವರಿಗೂ ಬಾಲದಂತೆ ಎಳೆದುಕೊಂಡು ಬಂದ ಭಾವ ಇರುವುದಿಲ್ಲ. ಕೊನೆಗೆ ಒಬ್ಬ ಗಟ್ಟಿಗರು ಹಿಂಗಾವಲಿಗೆ. ಅವರನ್ನು ದಾಟಿ ಯಾರೂ ಹಿಂದೆ ಉಳಿಯಕೂಡದು. ದಾರಿ ಕವಲೊಡೆಯುವ ಪ್ರತಿ ಕಡೆ ಎಲ್ಲರೂ ಕೂಡುವವರೆಗೆ ನಿಂತು ತಲೆ ಎಣಿಸಿ. ಮುಂದಾಳು, ಹಿಂಗಾವಲು ಇಬ್ಬರ ಬಳಿಯೂ ಸೀಟಿ ಇರಲಿ, ಗುಡ್ಡದ ಮಡಿಲಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಹನ್ನೆರಡಕ್ಕಿಂತ ಹೆಚ್ಚು ಮಂದಿ ಇದ್ದರೆ ಎರಡು ತಂಡ ಮಾಡಿ. ಬಿಟ್ಟು ನಿಂತ ಆ ಇಬ್ಬರಲ್ಲಿ ಒಬ್ಬರನ್ನೇ ದಾರಿ ಗೊತ್ತುಮಾಡುವ ಕೆಲಸಕ್ಕೆ ಕೂಡಿಸಿಕೊಳ್ಳಿ. ಎಲ್ಲಿ ನೆರಳಿದೆ, ಎಲ್ಲಿ ಕೂರಬೇಕು ಎಂಬುದು ಅವರಿಗೇ ಚೆನ್ನಾಗಿ ತಿಳಿಯುತ್ತದೆ.

ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್, ಬಿಪಿಗೆ ಅಟೆನೊಲಾಲ್ ತೆಗೆದುಕೊಳ್ಳುತ್ತೇನೆ. ವಯಸ್ಸು 67. ನಡಿಗೆಯ ದಿನ ಏನು ಜಾಗ್ರತೆ?
— ರಾಣೆಬೆನ್ನೂರು

ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮಿಪಿರೈಡ್ ಹಾಗಲ್ಲ. ಮಾತ್ರೆ ನುಂಗಿ, ಅರ್ಧ ತಿಂಡಿ ತಿಂದು, ನಾಲ್ಕು ತಾಸು ಗುಡ್ಡ ಹತ್ತಿದರೆ ಸಕ್ಕರೆ ಕುಸಿಯಬಹುದು. ಅವತ್ತಿನ ಡೋಸು ಕಡಿಮೆ ಮಾಡಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸಕ್ಕರೆ ಇಳಿದಾಗ ಎಚ್ಚರಿಸುವ ಎದೆಬಡಿತ, ಕೈನಡುಕವನ್ನು ಅಟೆನೊಲಾಲ್ ಮುಚ್ಚಿಡುತ್ತದೆ. ಬೆವರು ಮಾತ್ರ ಉಳಿಯುತ್ತದೆ, ಗುಡ್ಡದಲ್ಲಿ ಎಲ್ಲರೂ ಬೆವರುತ್ತಾರೆ. ಹೀಗಾಗಿ ಗ್ಲುಕೋಮೀಟರ್ ಒಯ್ದು ತಾಸಿಗೊಮ್ಮೆ ನೋಡಿಕೊಳ್ಳಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಸರಿಹೋದ ಮೇಲೆ ಏನಾದರೂ ತಿನ್ನಿ. ಇದಕ್ಕೆ ಪೇಡೆ, ಚಾಕೊಲೇಟ್ ಬೇಡ, ಅವುಗಳ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಜೊತೆಗಾರರಿಬ್ಬರಿಗೆ ಇದನ್ನೆಲ್ಲ ಹೇಳಿಟ್ಟಿರಿ. ನಿಮ್ಮ ಮಾತು ತೊದಲಿದರೆ, ವಿನಾಕಾರಣ ಸಿಡುಕಿದರೆ ಅವರಿಗೆ ಗೊತ್ತಾಗಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಅಟೆನೊಲಾಲ್ ತೆಗೆದುಕೊಳ್ಳುವವರು ಕೈಗಡಿಯಾರದ ನಾಡಿ ಲೆಕ್ಕ ನಂಬಿ ವೇಗ ನಿರ್ಧರಿಸಬಾರದು, ಮಾತ್ರೆ ನಾಡಿಯನ್ನು ಏರಗೊಡುವುದಿಲ್ಲ. ನಡೆಯುತ್ತ ಒಂದು ಪೂರ್ತಿ ವಾಕ್ಯ ಆಡಲು ಬಂದರೆ ವೇಗ ಸರಿ.

ಬಿಪಿ ಮಾತ್ರೆ ತೆಗೆದುಕೊಳ್ಳುವ ಎಲ್ಲರಿಗೂ ಒಂದು ಎಚ್ಚರಿಕೆ: ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥವು, ಮೂತ್ರ ಹೆಚ್ಚಿಸುವ ಮಾತ್ರೆ, ಈ ನೋವುನಿವಾರಕ, ಮೇಲೆ ಬಿಸಿಲಲ್ಲಿ ನೀರು ಕಡಿಮೆಯಾದ ಮೈ, ಎಲ್ಲ ಕೂಡಿದರೆ ಪೆಟ್ಟು ಮೂತ್ರಪಿಂಡಕ್ಕೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ದಾರಿಯಲ್ಲಿ ಶೌಚಾಲಯ ಇರುವುದಿಲ್ಲವೆಂದು ನಮ್ಮ ಮಂಡಳದ ಹೆಂಗಸರು ನೀರೇ ಕುಡಿಯುವುದಿಲ್ಲ.
— ಲಕ್ಷ್ಮೇಶ್ವರ

ತಲೆಸುತ್ತು, ಮೂತ್ರದ ಉರಿ, ಕಾಲು ಹಿಡಿದುಕೊಳ್ಳುವುದು, ಇವುಗಳಲ್ಲಿ ಹೆಚ್ಚಿನವು ಇದರಿಂದಲೇ. ತಪ್ಪು ಹೆಂಗಸರದಲ್ಲ, ಯೋಜನೆ ಮಾಡಿದವರದು. ದಾರಿ ಗೊತ್ತುಮಾಡುವಾಗಲೇ ಎರಡು ತಾಸಿಗೊಂದು ನಿಲುಗಡೆ ಹುಡುಕಿಡಬೇಕು: ಊರಿನ ಶಾಲೆ, ಗುಡಿಯ ಶೌಚಾಲಯ, ಪೆಟ್ರೋಲ್ ಬಂಕು. ಗುಡ್ಡದಲ್ಲಿ ಅದಿಲ್ಲ. ಮುಂದಾಳು ಗಂಡಸರನ್ನು ಮುಂದಕ್ಕೆ ಕರೆದೊಯ್ದು ಹೆಂಗಸರು ಹಿಂದೆ ನಿಲ್ಲುವ ಸಮಯವನ್ನು ಯಾರೂ ಕೇಳದೆಯೇ ಕೊಡಬೇಕು. ಎರಡು ಹಳೆಯ ಸೀರೆ ಮರೆಗೆ ಸಾಕು. ನೀರಿನ ದಂಡೆಯಿಂದ ದೂರ, ಸಣ್ಣ ಕುರ್ಪಿಯಿಂದ ತೋಡಿ ಮುಚ್ಚಬೇಕು. ಕಾಗದ, ಪ್ಯಾಡು ವಾಪಸು ಚೀಲದಲ್ಲಿ.

ನೀರು ಬಿಸಿಲಲ್ಲಿ ತಾಸಿಗೆ ಸುಮಾರು ಅರ್ಧ ಲೀಟರ್, ಗುಟುಕು ಗುಟುಕಾಗಿ. ಒಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚು ಬೇಡ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹಾಕಿಸಿಕೊಂಡವರು ವೈದ್ಯರ ಮಾತನ್ನೇ ಪಾಲಿಸಲಿ.

ಬುತ್ತಿಗೆ ಏನು ಒಯ್ಯಬೇಕು?
— ಸವಣೂರು

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕೆಡುವುದಿಲ್ಲ, ಭಾರವೂ ಇಲ್ಲ. ಹಲ್ಲಿನ ಸೆಟ್ಟು ಇದ್ದವರಿಗೆ ಮಾತ್ರ ಮೆತ್ತನೆಯ ಚಪಾತಿ. ಮೊಸರನ್ನ ಬೆಳಿಗ್ಗೆ ಕಲಸಿದ್ದು ಮಧ್ಯಾಹ್ನಕ್ಕೆ ಹುಳಿಯುತ್ತದೆ. ನಡುನಡುವೆ ಬಾಳೆಹಣ್ಣು, ಶೇಂಗಾ ಉಂಡಿ. ಗದುಗಿಗೆ ಹೋಗಿ ಮಿರ್ಚಿ ಭಜಿ ತಿನ್ನದಿರುವುದು ಕಷ್ಟ, ಗುಡ್ಡದ ಹಿಂದಿನ ರಾತ್ರಿ ಬಿಟ್ಟು ಬೇರೆ ದಿನ ತಿನ್ನಿ.

ಬಯಲುಸೀಮೆಯ ನಾವು ನೈನಿತಾಲ್, ಭೀಮತಾಲ್ ಕೆರೆಗಳ ಕಡೆ ನಡಿಗೆಗೆ ಹೋಗಬಹುದೇ? ಎತ್ತರದಿಂದ ಉಸಿರಾಟಕ್ಕೆ ತೊಂದರೆ ಆದೀತೇ?
— ನವಲಗುಂದ

ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸುವುದು 2,500 ಮೀಟರ್ ಮೇಲೆ. ನೈನಿತಾಲ್ ಸುಮಾರು 2,080 ಮೀಟರ್, ಭೀಮತಾಲ್ 1,370 ಮೀಟರ್. ಹೃದಯ, ಶ್ವಾಸಕೋಶ ಸರಿ ಇದ್ದವರಿಗೆ ಅಂಜಿಕೆ ಬೇಡ, ಮೊದಲ ದಿನ ಸ್ವಲ್ಪ ಏದುಸಿರು ಬರಬಹುದು ಅಷ್ಟೇ. ಭೀಮತಾಲಿನಲ್ಲಿ ಉಳಿದು ನೌಕುಚಿಯಾತಾಲ್, ಸಾತ್‌ತಾಲ್ ಕಡೆ ನಡೆಯುವುದು ಹಿರಿಯರಿಗೆ ಹಿತ. ಅಕ್ಟೋಬರ್-ನವೆಂಬರ್, ಇಲ್ಲವೇ ಮಾರ್ಚ್-ಏಪ್ರಿಲ್ ಒಳ್ಳೆಯ ಕಾಲ. ಇಳಿಜಾರಿನಲ್ಲಿ ಒಣಗಿ ಬಿದ್ದ ಪೈನ್ ಎಲೆ ತುಂಬ ಜಾರುತ್ತದೆ, ಕೋಲಿನಿಂದ ಸರಿಸಿ ನೆಲ ನೋಡಿ ಕಾಲಿಡಿ.

ತೊಂದರೆ ಕೊಡುವುದು ಪ್ರಯಾಣ. ದಿಲ್ಲಿ ದಾಟಿ ಕಾಠಗೋದಾಮಿನವರೆಗೆ ರೈಲು, ಅಲ್ಲಿಂದ ತಿರುವುಗಳ ಘಾಟು. ರೈಲಿನಲ್ಲಿ ತಾಸಿಗೊಮ್ಮೆ ಎದ್ದು ಓಡಾಡಿ, ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಮೀನಖಂಡದಲ್ಲಿ ರಕ್ತ ನಿಲ್ಲಬಾರದು. ಘಾಟಿಗೆ ವಾಂತಿ ತಡೆಯುವ ಮಾತ್ರೆ ನುಂಗಿದರೆ ಹಿರಿಯರಿಗೆ ಸಂಜೆವರೆಗೂ ಮಂಪರು ಇರುತ್ತದೆ, ಅವತ್ತು ನಡಿಗೆ ಬೇಡ. ಮುಂದಿನ ಸೀಟು, ಹಗುರ ತಿಂಡಿ, ಶುಂಠಿ ಮೊದಲು ಪ್ರಯತ್ನಿಸಿ. ತಲುಪಿದ ಮರುದಿನ ಪೂರ್ತಿ ವಿಶ್ರಾಂತಿ.

ನನ್ನ ಮನೆಯವರಿಗೆ 2 ಕಿ.ಮೀ.ಗಿಂತ ಹೆಚ್ಚು ಆಗುವುದಿಲ್ಲ. ಅವರನ್ನು ಬಿಟ್ಟು ಹೋಗಲು ಮನಸ್ಸಿಲ್ಲ.
— ಮುಂಡರಗಿ

ಬಿಟ್ಟು ಹೋಗಬೇಕಿಲ್ಲ. ಪ್ರತಿ ದಿನದ ದಾರಿಯ ಕೊನೆಯ 2 ಕಿ.ಮೀ. ಸಪಾಟಾಗಿರುವಂತೆ ಗೊತ್ತುಮಾಡಿ, ಅವರು ಗಾಡಿಯಲ್ಲಿ ಅಲ್ಲಿಗೆ ಬಂದು ಗುಂಪನ್ನು ಕೂಡಿಕೊಳ್ಳಲಿ. ಗಾಡಿಯಲ್ಲಿ ಇರುವವರು ಗುಂಪಿಗೆ ಉಪಕಾರವೂ ಹೌದು: ಹೆಚ್ಚುವರಿ ನೀರು, ಊಟ, ಔಷಧಿ ಅವರ ಬಳಿ ಇರುತ್ತದೆ, ದಾರಿ ನಡುವೆ ಸುಸ್ತಾದವರಿಗೆ ಜೊತೆ ಸಿಗುತ್ತದೆ. ಗುಂಪು ಬರಬೇಕಾದ ವೇಳೆಯನ್ನು ಅವರಿಗೆ ಬರೆದುಕೊಡಿ. ಒಂದು ತಾಸು ಮೀರಿದರೂ ಸುದ್ದಿ ಇಲ್ಲದಿದ್ದರೆ ಮೊದಲು ಮುಂದಾಳುವಿಗೆ, ಆಮೇಲೆ ಅನುಮತಿ ಕೊಟ್ಟ ಅರಣ್ಯ ಕಚೇರಿಗೆ, ಅಲ್ಲೂ ಸಿಗದಿದ್ದರೆ 112ಕ್ಕೆ ಕರೆ. ಈ ಸಂಖ್ಯೆಗಳು ಮೊಬೈಲಿನಲ್ಲಷ್ಟೇ ಅಲ್ಲ, ಚೀಟಿಯಲ್ಲೂ ಇರಲಿ. ಚಾಲಕರ ಹತ್ತಿರ ಇನ್ನೊಂದು ಪ್ರತಿ ಕೊಟ್ಟಿರಿ.